ಕೌದಿಯ ಮೂಲೆಯ ಕಲ್ಲುಸಕ್ಕರೆ

ಗೆಳತಿ ಬೀಬಕ್ಕನಿಗೆ, ನಿನ್ನ ನೀಲವ್ವನ ಶರಣು, ಜೊತೆಗೆ ನಿನ್ನ ರೀತಿಯ ಸಲಾಮು ಕೂಡ.

ನಿನಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಅಲ್ಲಿ ಓದಿ ಹೇಳುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಹಿಡಿದು ಕೂರಿಸಿಕೋ. ಸುದ್ದಿ ಎರಡಿವೆ. ದೊಡ್ಡದನ್ನು ಕೊನೆಗೇ ಹೇಳುತ್ತೇನೆ, ಮೊದಲೇ ಹೇಳಿಬಿಟ್ಟರೆ ನೀನು ಉಳಿದದ್ದಕ್ಕೆ ಕಿವಿಯನ್ನೇ ಕೊಡುವುದಿಲ್ಲ. ನಿನ್ನ ಮಗಳು ಜೈನಾ ಒಬ್ಬ ಠಕ್ಕನನ್ನು ಹಿಡಿದಳು! ಬಂಕಾಪುರದ ನಮ್ಮ ಓಣಿಯಲ್ಲಿ ಇನ್ನೂ ಅದೇ ಮಾತು.

ನಿಮ್ಮ ಪಡಸಾಲೆಯಲ್ಲಿ ಕೂತು ಇಬ್ಬರೂ ಕೌದಿ ಹೊಲಿಯುತ್ತಿದ್ದದ್ದು ನೆನಪಿದೆಯಾ? ಹಳೇ ಸೀರೆಯ ತುಂಡುಗಳನ್ನೆಲ್ಲ ಜೋಡಿಸಿ ಆದಮೇಲೆ, ಕೊನೆಯ ಮೂಲೆ ಮುಚ್ಚುವ ಮುಂಚೆ ಕೌದಿಯ ಹೊಟ್ಟೆ ತುಂಬಿಸಬೇಕಲ್ಲ. ನಾನು ರೊಟ್ಟಿಯ ಚೂರು ಇಡುತ್ತಿದ್ದೆ, ನೀನು ಕಲ್ಲುಸಕ್ಕರೆ.

"ನಿನ್ನ ರೊಟ್ಟಿಗೆ ಇಲಿ ಬರ್ತಾವ ನೀಲವ್ವಾ."

"ನಿನ್ನ ಸಕ್ಕರಿಗೆ ಇರುವಿ ಬರೂದಿಲ್ಲೇನು?"

"ಬರ್ಲಿ ಬಿಡ. ಮೊದಲನೇ ಸಲ ಒಗದ ಕೂಡ್ಲೆ ಕರಗಿ ಹೋಗತೈತಿ. ಕೌದಿ ಉಂಡ್ಹಂಗ ಆಗತೈತಿ."

ಅದೊಂದು ಚೂರಿಗಾಗಿ ಎಷ್ಟು ಜಗಳ ಆಡಿದೆವು ನನ್ನವ್ವಾ!

ನೀನು ಕೊನೆಯ ಸಲ ಹಾಸಿಗೆ ಹಿಡಿದಾಗ ಝುಮಕಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, "ಜೈನಾನ ಕಿವಿ ಬರಿದಾಗಬಾರ್ದು, ನೋಡಕೋ" ಅಂದೆಯಲ್ಲ... ಮರೆಯಲಾದೀತೇ? ಅವಳ ಮದುವೆಯಲ್ಲಿ ನನ್ನ ಕೈಯಾರೆ ಹಾಕಿದೆ. ಈ ಸಲ ಅವೇ ಹೊರಟು ನಿಂತಿದ್ದವು.

ಯುದ್ಧ ಇನ್ನೂ ಮುಗಿದಿಲ್ಲ ಅಕ್ಕಾ. ಅಂಗಡಿಯಲ್ಲಿ ಬಟ್ಟೆ ಸಿಗುವುದೇ ಕಷ್ಟ. ಅಂಥದ್ದರಲ್ಲಿ ಕೋಟು ಹಾಕಿದವನೊಬ್ಬ ಬಂದ, ಪುಣೆಯ ಕಂಪನಿಯವನಂತೆ. "ದಂಡಿನ ಮಂದಿಗೆ ಕೌದಿ ಬೇಕಾಗ್ಯಾವ್ರಿ. ಹೊಸ್ತಿಲಾ ದಾಟೂದು ಬ್ಯಾಡ, ಕುಂತಲ್ಲೇ ಗಳಿಕಿ. ಬಟ್ಟೀನೂ ನಾವ ಕೊಡ್ತೇವಿ" ಅಂದ. ಮಾದರಿಗೆಂದು ಮನೆಗೊಂದು ಪುಟ್ಟ ಕೌದಿ ಹೊಲಿಸಿಕೊಂಡು ಒಯ್ದ. ಜೈನಾಗೆ ಎಂಟು ತಿಂಗಳು ತುಂಬಿದ್ದರಿಂದ ಹೊಲದ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ... ಅಯ್ಯೋ, ಕೈತಪ್ಪಿ ಬರೆದುಬಿಟ್ಟೆನಲ್ಲ! ಹೂಂ, ಬಸುರಿ. ಸುಮ್ಮನೆ ಕೂತು ಕೇಳು, ಇನ್ನೂ ಇದೆ.

ಕೆಲವು ದಿನ ಬಿಟ್ಟು ತಿರುಗಿ ಬಂದ. ಎಲ್ಲರ ಕೌದಿಯೂ ಪಾಸಾಗಿದೆಯಂತೆ! ನಾನಂತೂ ಕುಣಿಯುವುದೊಂದು ಬಾಕಿ. "ನಮ್ಮ ಸಾಹೇಬ್ರು ಕುದಿಯೂ ನೀರಾಗ ಮೂರ್ ಸಲ ಒಗಿಸಿ ನೋಡ್ಯಾರ್ರಿ. ಒಂದ್ ಎಳಿ ಬಿಚ್ಚಿಲ್ಲ!" ಎಂದು ಮಾದರಿಗಳನ್ನು ಮರಳಿ ಕೊಟ್ಟ. ಇನ್ನು ಕಂಪನಿಯ ಬಟ್ಟೆ ಬರುತ್ತದೆ, ಅದಕ್ಕೆ ಜಾಮೀನಾಗಿ ಏನಾದರೂ ಬಂಗಾರ ಇಡಬೇಕು ಅಂದ. ಓಣಿಯ ಎರಡು ಮೂರು ಮನೆಯವರ ಮೂಗುತಿಗಳು ಆಗಲೇ ಅವನ ಚೀಲ ಸೇರಿದ್ದವು. ಜೈನಾ ಒಂದು ಝುಮಕಿ ಬಿಚ್ಚಿದಳು. ಇನ್ನೊಂದರ ತಿರುಪು ಬಿಗಿಯಾಗಿತ್ತು. ಅದಕ್ಕೆ ಎಣ್ಣೆ ಹಚ್ಚಿ, ಸಡಿಲಾಗಲೆಂದು ಕೂತವಳು, ಮಡಿಲಲ್ಲಿದ್ದ ಕೌದಿಯ ಮೂಲೆಯನ್ನು ನಿನ್ನ ಹಾಗೆಯೇ ಬೆರಳಿನಿಂದ ಒತ್ತಿದಳು. ತಿರುಪಿನ ಗೊಡವೆ ಬಿಟ್ಟು ಇನ್ನೊಮ್ಮೆ ಒತ್ತಿದಳು.

"ಎಷ್ಟ್ ಸಲ ಒಗದೀರಿ ಅಂದ್ರಿ?"

"ಮೂರ್ ಸಲ ರೀ ಅಕ್ಕಾರ, ಮೂರ್ ಸಲ!"

ಜೈನಾ ಹಲ್ಲಿನಿಂದ ದಾರ ಕಡಿದು, ಮೂಲೆಯೊಳಗೆ ತಾನೇ ಇಟ್ಟಿದ್ದ ಕಲ್ಲುಸಕ್ಕರೆ ತೆಗೆದು ಅಂಗೈ ಮೇಲಿಟ್ಟಳು. ಇಟ್ಟಾಗ ಹೇಗಿತ್ತೋ ಹಾಗೇ ಇತ್ತು, ಒಂದು ಮೊನೆಯೂ ಸವೆದಿರಲಿಲ್ಲ!

"ಕುದಿಯೂ ನೀರಾಗ ಕರಗಲಾರದ ಸಕ್ಕರಿ ಯಾವ ಊರಾಗ ಸಿಗತೈತ್ರಿ? ನಮಗೂ ಹೇಳ್ರಿ, ಒಂದೀಟು ತರಿಸ್ತೇವಿ."

ಅವನ ಮುಖ ನೋಡಬೇಕಿತ್ತು ನೀನು! ಕೌದಿಗೆ ಹೊಟ್ಟೆ ಇರುತ್ತದೆ ಎಂಬುದೇ ಆ ಮಹಾರಾಯನಿಗೆ ಗೊತ್ತಿಲ್ಲ. ಚೀಲಕ್ಕೆ ಕೈ ಹಾಕುವಷ್ಟರಲ್ಲಿ ನಿನ್ನ ಮಗಳು ಅದರ ಮೇಲೆಯೇ ಕೂತುಬಿಟ್ಟಳು. ದಿನ ತುಂಬುತ್ತ ಬಂದ ಬಸುರಿಯನ್ನು ಎಬ್ಬಿಸಲು ಯಾವ ಗಂಡಸಿಗೆ ಧೈರ್ಯವಿದೆ ಹೇಳು? "ಮೌಶಿ, ಒದರ!" ಅಂದಳು. ನಾನು ಒದರಿದ ದನಿ ಕೋಟೆಯ ನವಿಲುಗಳಿಗೂ ಕೇಳಿಸಿರಬೇಕು. ಓಣಿಗೆ ಓಣಿಯೇ ಬಂದು ಬಾಗಿಲಿಗೆ ಅಡ್ಡ ನಿಂತಿತು. ಅವನನ್ನು ಚಾವಡಿಗೆ ಎಳೆದೊಯ್ದರು, ಮೂಗುತಿಗಳು ಅವರವರ ಮೂಗಿಗೆ ಮರಳಿದವು. ಜೈನಾ ಝುಮಕಿ ಹಾಕಿಕೊಂಡು, ಅದೇ ಸಕ್ಕರೆಯನ್ನು ಅದೇ ಮೂಲೆಯಲ್ಲಿಟ್ಟು ಹೊಲಿದಳು. ನಿನಗೆ ಕೊಟ್ಟ ಮಾತು ಉಳಿಯಿತು ಅಕ್ಕಾ. ಉಳಿಸಿದವಳು ನಾನಲ್ಲ, ನಿನ್ನ ಮಗಳೇ. ಎಷ್ಟು ಹೆಮ್ಮೆಯಾಯಿತೆಂದರೆ ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಈಗ ದೊಡ್ಡ ಸುದ್ದಿ. ಮೊಮ್ಮಗಳು! ಮೂಗು ನಿನ್ನದೇ, ಹಟವೂ ನಿನ್ನದೇ. ಅದೇ ಪುಟ್ಟ ಕೌದಿಯ ಮೇಲೆ ಮಲಗಿಸಿದ್ದೇವೆ. ಜೈನಾ ಬಗ್ಗಿ ಹಾಲೂಡಿಸುವಾಗ ಕೂಸಿನ ತಲೆಯ ಮೇಲೆ ನಿನ್ನ ಝುಮಕಿ ತೂಗುತ್ತವೆ.

ಇವತ್ತು ಮುಂಜಾನೆ ಕೂಸು ಕೌದಿಯನ್ನೆಲ್ಲ ತೊಯ್ಯಿಸಿತ್ತು. ನಾನೇ ಬಾವಿಗೆ ಒಯ್ದು ಒಗೆದೆ, ತಣ್ಣೀರಿನಲ್ಲಿ, ಒಂದೇ ಸಲ. ಬಿಸಿಲಿಗೆ ಹರವುವ ಮುಂಚೆ ಮೂಲೆಯನ್ನು ಒತ್ತಿ ನೋಡಿದೆ. ಬೆರಳಿಗೆ ಏನೂ ಸಿಗಲಿಲ್ಲ.

ಕೌದಿ ಉಂಡಿತು, ಬೀಬಕ್ಕಾ.

ನಿನ್ನ ನೀಲವ್ವ