ಆ ‘ಬಂದೇ’ ಯಾರಿಗೆ ಹೇಳಿದ್ದು?

ಆಯೀ,

ನೀನು ಬದುಕಿದ್ದಾಗ ನಾನು ಇದನ್ನು ಕೇಳಿದ್ದರೆ, ಒಲೆಯ ಮೇಲೆ ಸಾರು ಉಕ್ಕುತ್ತಿದೆ ಎಂದು ನೀನು ಎದ್ದು ಹೋಗುತ್ತಿದ್ದೆ. ಈಗ ಎಲ್ಲಿಗೆ ಏಳುತ್ತೀಯ? ಕೂತು ಪೂರ್ತಿ ಕೇಳು.

ನನಗೆ ಮೊದಲು ಅನುಮಾನ ಬಂದದ್ದು ಕಾಲೇಜಿಗೆ ಹೋಗುತ್ತಿದ್ದಾಗ. ಅವತ್ತು ನೀನು ಭಟ್ಕಳಕ್ಕೆ, ನಿನ್ನ ತಂಗಿ ಚಿಕ್ಕಿಯ ಮನೆಗೆ ಎಂದು ಹೊರಟಿದ್ದೆ. ಮಧ್ಯಾಹ್ನ ನಾನು ಬಸ್ಸಿನ ಕಿಟಕಿಯಿಂದ ನೋಡಿದರೆ ಕುಮಟೆಯ ಟಾಕೀಸಿನ ಮುಂದೆ ಹೆಂಗಸರ ಸಾಲಿನಲ್ಲಿ ನಿಂತಿದ್ದೀಯ. ಒಳ್ಳೆಯ ಸೀರೆ. ಅಪ್ಪ ಹೋದ ಮೇಲೆ ಹೂವನ್ನೇ ಮುಟ್ಟದವಳ ಮುಡಿಯಲ್ಲಿ ಅಬ್ಬಲಿಗೆ ಬೇರೆ. ತಲೆಯ ಮೇಲಿನ ಪೋಸ್ಟರಿನಲ್ಲಿ ಬಾವಿಯಿಂದ ಎದ್ದು ಬರುತ್ತಿದ್ದ ಕೂದಲು ಕೆದರಿದ ಹೆಂಗಸು. ಎಲ್ಲರೂ ‘ದೆವ್ವದ ಡೈರೆಕ್ಟರು’ ಎನ್ನುತ್ತಿದ್ದರಲ್ಲ, ಅವನ ಪಿಚ್ಚರು ಅದು. ಕತ್ತಲಾದ ಮೇಲೆ ಅಂಗಳಕ್ಕೆ ಇಳಿಯಲೂ ನನ್ನನ್ನು ಜೊತೆಗೆ ಕರೆಯುತ್ತಿದ್ದ ನಿನಗೆ ದೆವ್ವದ ಪಿಚ್ಚರೇ? ಸಂಜೆ ನೀನು ಬಂದು ಚಿಕ್ಕಿಯ ಎಮ್ಮೆ ಕರು ಹಾಕಿದ ಸುದ್ದಿ ಹೇಳಿದೆ. ಚಿಕ್ಕಿ ಎಮ್ಮೆ ಮಾರಿ ಆಗಲೇ ಎಷ್ಟೋ ಕಾಲವಾಗಿತ್ತು, ಆಯಿ. ಸುಳ್ಳು ಹೇಳುವವರು ಸ್ವಲ್ಪ ವಿಚಾರಿಸಿಕೊಂಡಾದರೂ ಹೇಳಬೇಕು.

ಅದೇ ಡೈರೆಕ್ಟರನ ಮುಂದಿನ ಪಿಚ್ಚರು ಬಂದಾಗ ನಾನು ನಿನ್ನ ಹಿಂದೆಯೇ ಬಂದೆ. ನಿನಗೆ ಗೊತ್ತೇ ಆಗಲಿಲ್ಲ. ಯಾರ ಜೊತೆ ಬಂದಿರಬಹುದು ಎಂದು ನಿನ್ನ ಅಕ್ಕಪಕ್ಕ ಕೂತವರ ಮುಖವನ್ನೆಲ್ಲ ನೋಡಿದೆ. ಒಂದು ಕಡೆ ಶೇಂಗಾ ತಿನ್ನುವ ಮುದುಕಿ, ಇನ್ನೊಂದು ಕಡೆ ಗೋಡೆ. ಪರದೆಯ ಮೇಲೆ ಅವನ ಮಾಮೂಲಿ ಸಾಮಾನುಗಳು: ಮಂಜು, ತಾನೇ ತೆರೆಯುವ ಬಾಗಿಲು, ನೀರಿಲ್ಲದ ಬಾವಿ. ನೀನು ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ. ಟಿಕೇಟು ತೆಗೆದು, ಮೈಲಿಗಟ್ಟಲೆ ಬಂದು, ಕಣ್ಣು ಮುಚ್ಚಿ ಕೂರುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕೊನೆಗೆ ಆ ಕೂಗು ಬಂತು. ಅವನ ಪ್ರತಿ ಪಿಚ್ಚರಿನಲ್ಲೂ ದೆವ್ವ ಬರುವ ಮುಂಚೆ ಎಲ್ಲೋ ದೂರದಿಂದ ಕೇಳುವ ಗಂಡಸಿನ ದನಿ: “ಹೋ... ಬಂದೇ.”

ಟಾಕೀಸು ಇಡೀ ಕಿರುಚಿಕೊಂಡಿತು. ಬೆಂಗಳೂರಿನಲ್ಲಿ ಜನ ಅದನ್ನು ಕೇಳಿ ರಾತ್ರಿ ನಿದ್ದೆ ಬಿಡುತ್ತಿದ್ದರಂತೆ. ಅವರಿಗೆ ಏನು ಗೊತ್ತು? ಹೊಳೆ ದಾಟಿಸುವ ತಾರಿ ದೋಣಿಗೆ ಕಾದವರು ಈ ದಡದಿಂದ ‘ಓ ತಾರೀ’ ಎಂದು ಕರೆದರೆ, ಆ ದಡದಿಂದ ದೋಣಿಯವನು ಕೊಡುತ್ತಿದ್ದ ಉತ್ತರ ಅದು. ನಿಲ್ಲಿ, ಹೊರಟೆ ಎಂದಷ್ಟೇ ಅದರ ಅರ್ಥ. ಅದಕ್ಕೇ ಮುಂದಿನ ಸಾಲಿನಿಂದ ನಮ್ಮ ಅಘನಾಶಿನಿ ಕಡೆಯ ಯಾರೋ ಮುದುಕ, ತಾನು ಕೂತದ್ದು ಎಲ್ಲಿ ಎಂಬುದನ್ನೇ ಮರೆತು, “ಲಗೂ ಬಾರಾ, ಹೊತ್ತಾತು” ಎಂದು ಕೂಗಿದ. ಕಿರುಚುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ. ಆದರೆ ನೀನು ನಕ್ಕದ್ದು ಮುದುಕನ ಮಾತಿಗಲ್ಲ, ಅದಕ್ಕಿಂತ ಮುಂಚೆಯೇ, ಕಣ್ಣು ಮುಚ್ಚಿಕೊಂಡೇ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಪಿಚ್ಚರು ಮುಗಿಯುವ ಮುಂಚೆಯೇ ಎದ್ದು ಹೋದೆ. ದೆವ್ವದ ದನಿ ಕೇಳಿ ನಗುವ ತಾಯಿಯ ಜೊತೆ ಒಂದೇ ಚಾಪೆಯ ಮೇಲೆ ಮಲಗಲು ನನಗೆ ಎಷ್ಟು ದಿನ ಹೆದರಿಕೆಯಾಯಿತು ಗೊತ್ತೇ?

ನಿನ್ನ ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ ಚಿಕ್ಕಿ ಎಲೆಅಡಿಕೆ ಮೆಲ್ಲುತ್ತ ನನ್ನ ಪಕ್ಕ ಕೂತಳು. ನಾನು ಆ ಹಳೆಯ ಎಮ್ಮೆಯ, ಟಾಕೀಸಿನ ಕಥೆ ತೆಗೆದೆ. ಚಿಕ್ಕಿ, “ಅಕ್ಕ ಪಿಚ್ಚರ್ ನೋಡೂಕೆ ಹೋಗ್ತಿದ್ದದ್ದಲ್ಲ ಮಗಾ, ನಿನ್ನಪ್ಪನ ದನಿ ಕೇಳೂಕೆ ಹೋಗ್ತಿದ್ದದ್ದು” ಎಂದಳು. ಆ ಡೈರೆಕ್ಟರು ಮೊದಲ ಪಿಚ್ಚರಿಗೆ ನಮ್ಮ ಹೊಳೆಗೆ ಬಂದಿದ್ದನಂತೆ. ತಾರಿ ನಡೆಸುತ್ತಿದ್ದ ಅಪ್ಪನ ಕೂಗನ್ನು ಅವರ ಯಂತ್ರದಲ್ಲಿ ಹಿಡಿದುಕೊಂಡು ಹೋದರಂತೆ. ಅದೇ ಮಳೆಗಾಲದಲ್ಲಿ ಅಳಿವೆಯಲ್ಲಿ ದೋಣಿ ಮಗುಚಿ ಅಪ್ಪ ಹೋದ. ಕುಮಟೆಯ ಟಾಕೀಸಿನಿಂದ ಪಿಚ್ಚರು ಎತ್ತಿಬಿಟ್ಟರೆ ನೀನು ಅದನ್ನು ಹುಡುಕಿಕೊಂಡು ಹೊನ್ನಾವರದವರೆಗೂ ಹೋಗುತ್ತಿದ್ದೆಯಂತೆ. ನನಗೇಕೆ ಹೇಳಲಿಲ್ಲ ಎಂದು ಕೇಳಿದರೆ, ಅಪ್ಪ ಎಂದರೆ ದೆವ್ವ ಎಂದು ಹುಡುಗಿ ಹೆದರಬಾರದು ಎಂದಿದ್ದೆಯಂತೆ. ಅಂತೆ, ಅಂತೆ. ನಾನು ನಂಬಲಿಲ್ಲ. ಚಿಕ್ಕಿ ಕಥೆ ಕಟ್ಟುವುದರಲ್ಲಿ ನಿನಗೂ ಅಕ್ಕ. ತಾರಿಯವರೆಲ್ಲ ಹಾಗೆಯೇ ಕೂಗುತ್ತಿದ್ದರಲ್ಲ, ಅದು ಅಪ್ಪನದೇ ಎಂದು ಹೇಗೆ ಹೇಳುವುದು? ನಿನಗೆ ಬೇಕು ಅನ್ನಿಸಿ ಯಾರದೋ ದನಿಯನ್ನು ಅವನದು ಮಾಡಿಕೊಂಡೆಯೋ ಏನೋ. ಅಪ್ಪನ ದನಿ ಹೇಗಿತ್ತೆಂದೇ ಗೊತ್ತಿಲ್ಲದ ನಾನು ಯಾವುದರ ಜೊತೆ ಹೋಲಿಸಿ ನೋಡಲಿ? ನಿಜವೇ ಆಗಿದ್ದರೆ ಇನ್ನೂ ಸಿಟ್ಟು. ನಿನ್ನ ಗಂಡನಾದರೆ ನನ್ನ ಅಪ್ಪನಲ್ಲವೇ?

ಈಗ ಹೊಸ ಸುದ್ದಿ. ಧಾರೇಶ್ವರದ ನನ್ನ ಖಾನಾವಳಿಗೆ ಹೋದ ತಿಂಗಳು ಆ ಡೈರೆಕ್ಟರನ ಕಡೆಯವರೇ ಊಟಕ್ಕೆ ಬಂದರು. ಯಾಣದ ಬಂಡೆಗಳ ನಡುವೆ ಶೂಟಿಂಗು, ಮಲಗುವುದು ಇಲ್ಲಿ. ಅವರಲ್ಲಿ ಸೌಂಡ್ ನೋಡಿಕೊಳ್ಳುವ ಒಬ್ಬ ವಯಸ್ಸಾದವರು ಜ್ವರ ಬಂದು ಒಂದು ದಿನ ಯಾಣಕ್ಕೆ ಹೋಗಲಿಲ್ಲ. ಗಂಜಿ, ಉಪ್ಪಿನಕಾಯಿ ಕೊಟ್ಟು ಮೆಲ್ಲಗೆ ಕೇಳಿದೆ, ಆ ‘ಬಂದೇ’ ಯಾರದು ಎಂದು. ಅಪ್ಪನ ವಿಷಯ ಬಾಯಿ ಬಿಡಲಿಲ್ಲ. ದೋಣಿಯವನ ಮಗಳೆಂದು ಗೊತ್ತಾದರೆ ನನ್ನನ್ನು ಖುಷಿಪಡಿಸಲು ಏನಾದರೂ ಹೇಳಿಬಿಟ್ಟರೆ? ಅವರು, ಕೂಗಿದವನ ಹೆಸರು ಗೊತ್ತಿಲ್ಲ, ಇಲ್ಲೇ ಹೊಳೆಯ ದಡದಲ್ಲಿ ಹಿಡಿದದ್ದು, ಕತ್ತರಿಸುವ ಮುಂಚಿನ ರೆಕಾರ್ಡಿಂಗು ತನ್ನ ಹತ್ತಿರ ಪೂರ್ತಿ ಇದೆ ಎಂದು ಲ್ಯಾಪ್‌ಟಾಪು ತೆಗೆದರು.

ಮೊದಲು ನೀರಿನ ಸದ್ದು. ಆಮೇಲೆ ಒಬ್ಬಳು ಹೆಂಗಸು, “ಓ... ತಾರೀ.” ಆಯಿ, ಅದು ನೀನು. ಗಂಡನ ಹೆಸರು ಹೇಳದೆ ಎಲ್ಲರಂತೆ ಅವನನ್ನು ತಾರಿ ಎಂದೇ ಕರೆಯುತ್ತಿದ್ದೀಯ. ಎಷ್ಟು ಎಳೆಯ ದನಿ ನಿನ್ನದು. ಆ ಕಡೆಯಿಂದ “ಹೋ... ಬಂದೇ.” ಅದರ ಮೇಲೆಯೇ ಒಂದು ಕಾಗೆ ಕರ್ಕಶವಾಗಿ ಕೂಗಿತು. ಆಮೇಲೆ ನೀನು ಹತ್ತಿರದಲ್ಲಿ, ನಗುತ್ತ: “ನೀನೂ ಕೂಗು ಮಗಾ, ಅಪ್ಪಂಗೆ ಕೇಳ್ಲಿ.” ಒಂದು ಕೂಸು ಕೇಕೆ ಹಾಕಿತು. ನಿನ್ನ ಸೊಂಟದ ಮೇಲೆ ನಾನಲ್ಲದೆ ಇನ್ಯಾವ ಕೂಸು ಇದ್ದೀತು? ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೀರಿನ ಮೇಲಿನಿಂದ, ಉದ್ದಕ್ಕೆ, “ಹೋ... ಬಂದೇ ಮಗಾ.”

ಅವರು ಅಲ್ಲಿ ನಿಲ್ಲಿಸಿ, “ಸಿನಿಮಾದಲ್ಲಿ ಇರೋದು ಈ ಎರಡನೇದು ಅಮ್ಮ. ಮೊದಲನೇದನ್ನ ಕಾಗೆ ಹಾಳು ಮಾಡಿತ್ತು. ಇದರಲ್ಲಿ ‘ಮಗಾ’ ಒಂದು ತೆಗೆದುಬಿಟ್ವಿ” ಎಂದರು.

ನೋಡಿದೆಯಾ? ಇಷ್ಟು ವರ್ಷ ಸುಳ್ಳು ಹೇಳಿ, ನನ್ನನ್ನು ಬಿಟ್ಟು, ಊರೂರಿನ ಟಾಕೀಸಿನಲ್ಲಿ ನೀನು ಕದ್ದು ಕೇಳಿ ಬಂದದ್ದು ನಿನಗೆ ಹೇಳಿದ್ದಲ್ಲ. ಅಪ್ಪ ನನಗೆ ಓಗೊಟ್ಟದ್ದು ಅದು.