ನಡುವೆ ನಿಂತವರ ಮಾತು

ಹಾಸ್ಟೆಲ್, ಗುರುವಾರ
ಮಾರ್ಚ್ 14

ಪ್ರೀತಿಯ ಅಮ್ಮ,

ನಮಸ್ಕಾರ. ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಇಷ್ಟು ದಿನ ಕಳೆದೆ. ಬೈಯುವುದನ್ನೆಲ್ಲ ಕೂಡಿಟ್ಟುಕೋ, ಊರಿಗೆ ಬಂದಾಗ ಒಟ್ಟಿಗೇ ಬೈದುಬಿಡು. ಫೋನಿದ್ದೂ ನನ್ನ ಆಫೀಸಿನ ವಿಳಾಸಕ್ಕೆ ಕಾಗದ ಹಾಕಿದ್ದಾಳಲ್ಲ, ಇವಳಿಗೇನು ಬಂತು ಅನ್ನುತ್ತೀ. ಮನೆಯಲ್ಲಿ ಫೋನು ಎತ್ತುವವಳು ಚಿಟ್ಟಿ. ನೀನೂ ಅಪ್ಪನೂ ಒಂದೇ ಸೂರಿನಡಿ ಇದ್ದುಕೊಂಡು ಮಾತು ಬಿಟ್ಟಾಗಿನಿಂದ ನಿಮ್ಮಿಬ್ಬರ ಬಾಯಿ ಅವಳೇ. ನನ್ನ ತಂಗಿಯದೇ ಚಿಂತೆ ಹತ್ತಿದೆ ನನಗೆ, ಅದು ಅವಳ ಕಿವಿಗೆ ಬೀಳುವುದು ಬೇಡ.

ಮೊದಲು ನನ್ನ ಗೋಳು ಕೇಳು. ಸೋಮವಾರ ಇಡೀ ವಿಭಾಗದ ಮುಂದೆ ನನ್ನ ಪ್ರಬಂಧದ ಅಧ್ಯಾಯ ಓದಬೇಕು. ಊಟ ಸೇರುತ್ತಿಲ್ಲ. ನಾನು ಹೋಗಿ ಕೂರುವ ಪ್ರಿಂಟಿಂಗ್ ಪ್ರೆಸ್ಸಿನ ವಿಷಯ ಹೇಳಿದ್ದೆನಲ್ಲ. ಅದನ್ನು ನಡೆಸುವ ಅಣ್ಣತಮ್ಮಂದಿರಲ್ಲಿ ಅಣ್ಣ ಮುಂದಿನ ಕೌಂಟರಿನಲ್ಲಿ, ತಮ್ಮ ಹಿಂದಿನ ಕೋಣೆಯಲ್ಲಿ. ಇಬ್ಬರಿಗೂ ಮಾತಿಲ್ಲ. "ಕಾಗದ ಇನ್ನೂ ಬಂದಿಲ್ಲ ಅಂತ ಹೇಳಪ್ಪ ಅವನಿಗೆ" ಅಂತ ಅಣ್ಣ ಅಂದರೆ ಮಷೀನ್ ನಡೆಸುವವರು ಕೈ ಒರೆಸಿಕೊಂಡು ಒಳಗೆ ಬಂದು ಹೇಳಬೇಕು. ತಮ್ಮನ ಉತ್ತರ ಹೊತ್ತು ಮತ್ತೆ ಹೊರಗೆ. ನಾನು ಹಿಂದಿನ ಕೋಣೆಯಲ್ಲಿ ಕೂತು ಎಲ್ಲ ಬರೆದುಕೊಂಡೆ. ಮಾತು ಬಿಟ್ಟವರು ನಡುವೆ ಒಬ್ಬರನ್ನು ಇಟ್ಟುಕೊಂಡು ಹೇಗೆ ಬದುಕುತ್ತಾರೆ ಅನ್ನುವುದೇ ನನ್ನ ಅಧ್ಯಾಯ. ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಅಂತ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬರೆದರೆ ಸಾಲದು, ಯಾಕೆ ಹೀಗೆ ಅನ್ನುವುದಕ್ಕೆ ಸಿದ್ಧಾಂತ ಬೇಕು. ಸಿದ್ಧಾಂತದಲ್ಲಾದರೂ ಒಂದೇ ಬಗೆ ಇದೆಯಾ? "ಒಂದು ಬಗೆಯದು, ಈ ಪದ್ಧತಿಯಿಂದ ಏನು ಉಳ್ಕೊಂಡಿದೆ ಅಂತ ಕೇಳುತ್ತೆ" ಅನ್ನುತ್ತಾರೆ ನನ್ನ ಗೈಡ್ ಮೇಡಂ. ಪ್ರೆಸ್ಸು ಉಳಿದಿದೆ, ಸರಿ. ನೇರ ಮಾತಾಡಿದ್ದರೆ ಎಂದೋ ಪಾಲಾಗಿರುತ್ತಿತ್ತು. ಇನ್ನೊಂದು, ಇದರಿಂದ ಲಾಭ ಯಾರಿಗೆ, ಯಾರ ಮೇಲೆ ಯಾರ ಜೋರು ಅಂತ ಕೆದಕುತ್ತದೆ. ಮತ್ತೊಂದಕ್ಕೆ ಅದೆಲ್ಲ ಬೇಡ, ಆ ಮೌನಕ್ಕೆ ಅವರವರ ಮನಸ್ಸಿನಲ್ಲಿ ಏನರ್ಥ ಅನ್ನುವುದಷ್ಟೇ ಸಾಕು. ಪಕ್ಕದ ಕೋಣೆಯ ಮೇಷ್ಟ್ರದು ಬೇರೆಯೇ ರಾಗ: "ಮೊದ್ಲೇ ಸಿದ್ಧಾಂತ ಹೊತ್ಕೊಂಡು ಹೋಗ್ಬೇಡಮ್ಮ, ಅಲ್ಲಿ ಕಂಡಿದ್ದರಿಂದ್ಲೇ ಅದು ಹುಟ್ಲಿ." ಯಾರಿಗೂ ಬೇಜಾರಾಗದಿರಲಿ ಅಂತ ಎಲ್ಲ ಸ್ವಲ್ಪ ಸ್ವಲ್ಪ ಸೇರಿಸಿದೆ. ಮೇಡಂ ಓದಿ, "ಇದೇನೇ ಇದು, ಕಲಸುಮೇಲೋಗರ" ಅಂದರು.

ಅಷ್ಟೇ ಆಗಿದ್ದರೆ ತಿದ್ದುತ್ತಿದ್ದೆ. ಶನಿವಾರ ಆ ಮಷೀನಿನವರಿಗೆ ಎರಡು ಪುಟ ಓದಿ ಹೇಳಿದೆ. ತಮ್ಮನ ಬೆನ್ನುನೋವನ್ನು ಅಣ್ಣ ವಿಚಾರಿಸುತ್ತಾರೆ ಅನ್ನುವಲ್ಲಿ ಅವರು ನಕ್ಕುಬಿಟ್ಟರು.

"ಅವರೆಲ್ಲಿ ವಿಚಾರಿಸಿದ್ರು ಮೇಡಂ, ಅದು ನಾನು ಸೇರಿಸಿದ್ದು. ಬರೀ ಕಾಗದ, ಇಂಕು ಅಂತ ಎಷ್ಟು ದಿನ ಹೇಳ್ಲಿ? ಆಗಾಗ ಒಂದು ಒಳ್ಳೆ ಮಾತು ಹಾಕ್ತೀನಿ."

ಎಷ್ಟು ಹಾಕಿದ್ದಾರೋ ಅವರಿಗೇ ನೆನಪಿಲ್ಲ. ಅಣ್ಣತಮ್ಮಂದಿರ ಮಾತು ಅಂತ ನಾನು ಅರ್ಥ ಹಚ್ಚಿದ್ದೆಲ್ಲ ಇವರದು. ಮೇಡಂ ಹತ್ತಿರ ಓಡಿದರೆ ಅವರು ಬೈಯಲಿಲ್ಲ. "ನೀನು ಬರ್ದಿರೋದ್ರಲ್ಲಿ ಆ ಕಡೆಯವರಿದ್ದಾರೆ, ಈ ಕಡೆಯವರಿದ್ದಾರೆ. ನಡುವೆ ಇರೋರಿಗೆ ಏನಾಗ್ತಿದೆ ಅಂತ ಯಾವ ಪುಟದಲ್ಲಿದೆ?" ಅಂದರು. ವಾಪಸು ಹೋಗಿ ಮಷೀನಿನವರನ್ನೇ ಕೇಳಿದೆ. "ನನಗೇನಾಗುತ್ತೆ ಮೇಡಂ. ಮನೆಗೆ ಹೋದ್ಮೇಲೆ ಯಾರ ಜೊತೇನೂ ಮಾತೇ ಬೇಡ ಅನ್ಸುತ್ತೆ, ಅಷ್ಟೇ" ಅಂದರು.

ಭಾನುವಾರ ಚಿಟ್ಟಿ ಫೋನು ಮಾಡಿದಳು. ಅಮ್ಮ ಹೀಗಂದ್ರು, ಅಪ್ಪ ಹಾಗಂದ್ರು ಅಂತ ಒಪ್ಪಿಸಿದಳು. "ಅದಿರ್ಲಿ, ನಿಂದೇನೇ ಸಮಾಚಾರ?" ಅಂದೆ. "ನಂದೇನಿರುತ್ತೆ ಅಕ್ಕ" ಅಂದಳು. ತರಗತಿಯಲ್ಲಿ ವಟವಟ ಅನ್ನುತ್ತಾಳೆ ಅಂತ ಟೀಚರಿಂದ ದೂರು ತರುತ್ತಿದ್ದವಳು. ಗಂಡಹೆಂಡಿರ ಜಗಳದಲ್ಲಿ ಬಡವಾಗುವುದು ಯಾರು ಅನ್ನುವ ಗಾದೆ ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ನನಗೆ ಭಯವಾಗುತ್ತಿದೆ ಅಮ್ಮ.

ಸೋಮವಾರ ಏನು ಓದುತ್ತೇನೋ ತಿಳಿಯದು, ಅಲ್ಲಿಂದಲೇ ಹರಸು. ಚಿಟ್ಟಿಗೆ ಮುತ್ತು. ಅಪ್ಪನಿಗೆ ನಮಸ್ಕಾರ ತಿಳಿಸು, ನೀನೇ ತಿಳಿಸು.

ಇಂತಿ,
ನಿನ್ನ ದೊಡ್ಡ ಮಗಳು

ತಾ.ಕ.: ಇದನ್ನು ಬರೆಯಬಾರದು ಅಂತಲೇ ಇಷ್ಟುದ್ದ ಏನೇನೋ ಬರೆದೆ. ಹೋದ ತಿಂಗಳು ನಿನಗೆ ಜ್ವರ ಬಂದಾಗ "ಅವಳು ಏಳೋದು ಬೇಡ, ಮಲಗಲಿ" ಅಂತ ಅಪ್ಪ ಹೇಳಿಕಳಿಸಿದರೆಂದು ನೀನು ನನಗೆ ಎರಡು ಸಲ ಹೇಳಿದೆ. ನಿನ್ನ ದನಿಯಲ್ಲಿ ಅಂಥ ಖುಷಿ ಕೇಳಿ ಎಷ್ಟೋ ಕಾಲವಾಗಿತ್ತು. ಅಪ್ಪ ಹಾಗೆ ಹೇಳಿರಲಿಲ್ಲ ಅಮ್ಮ. ಹೊಸ ಶರ್ಟು ಒಪ್ಪುತ್ತದೆ ಅಂತ ನೀನು ಅಂದೆಯೆಂದು ಅಪ್ಪ ಅದನ್ನೇ ಮತ್ತೆ ಮತ್ತೆ ಹಾಕಿಕೊಳ್ಳುತ್ತಾರಂತೆ, ನೀನೂ ಅಂದಿರಲಿಲ್ಲ. ಭಾನುವಾರ ನಾನೇ ಒತ್ತಿ ಕೇಳಿದ ಮೇಲೆ ಎಲ್ಲ ತಾನೇ ಸೇರಿಸಿದ್ದು ಅಂತ ಚಿಟ್ಟಿ ಹೇಳಿದಳು. ಈಗ ಅವಳಿಗೆ ಹೊಸದೇನೂ ಹೊಳೆಯುತ್ತಿಲ್ಲವಂತೆ. "ಇಬ್ರೂ ಕಾಯ್ತಾ ಕೂತಿರ್ತಾರೆ ಅಕ್ಕ, ಇವತ್ತು ನಾನೇನು ಹೇಳ್ಲಿ?" ಅಂತ ಅಳುತ್ತಾಳೆ.