ಕಳ್ಳರಿಲ್ಲದ ಬಡಾವಣೆ

ಕುರುಬರಹಳ್ಳಿ, ಬೆಂಗಳೂರು
ಬುಧವಾರ, ೧೨ ನವೆಂಬರ್ ೨೦೨೫

ರಕ್ಷಾಳ ಅಪ್ಪನಿಗೆ ಶರಣು.

ಮೊಣಕಾಲಿನ ನೋವು ಹೇಗಿದೆ? ದಾವಣಗೆರೆಯಲ್ಲಿ ಚಳಿ ಶುರುವಾಗಿರುತ್ತದೆ, ಬೆಳಗಾಗುವ ಮುಂಚೆ ವಾಕಿಂಗ್ ಹೋಗಬೇಡಿ. ಮಗಳು ಎಣ್ಣೆ ಕಾಯಿಸಿಕೊಟ್ಟರೆ ಹಚ್ಚಿಕೊಳ್ಳಿ, ವಾಸನೆ ಎಂದು ಮೂಗು ಮುರಿಯಬೇಡಿ. ಮೊಮ್ಮಗಳಿಗೆ ಹಲ್ಲು ಬಂತೇ? ಇಷ್ಟು ಕೇಳಿದ್ದು ಹೆಂಡತಿಯ ಕರ್ತವ್ಯಕ್ಕೆ. ಇನ್ನು ಮುಂದಿನದೆಲ್ಲ ಸಿಟ್ಟಿನಲ್ಲಿ ಬರೆಯುತ್ತಿರುವುದು. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀರಿ, ಕಾಗದದಲ್ಲಿ ಹಾಕಲಾರಿರಿ.

ಸೋಮವಾರ ಬೆಳಿಗ್ಗೆ ಪೂಜೆಗೆಂದು, ಪಾರ್ಕಿನ ಬೇಲಿಯಾಚೆ ರಸ್ತೆಗೆ ಬಾಗಿದ ಬಿಲ್ವದ ಕೊಂಬೆಗೆ ಎರಡೂ ಕೈ ಚಾಚಿ ನಿಂತಿದ್ದೆ. ಸ್ಕೂಟರಿನಲ್ಲಿ ಬಂದ ಇಬ್ಬರಲ್ಲಿ ಹಿಂದೆ ಕೂತವನು ನನ್ನ ಕೊರಳಿನ ಬೆಳ್ಳಿ ಸರ ಕಿತ್ತುಕೊಂಡು ಹೋದ. ಸರದಲ್ಲಿ ತೂಗಿದ್ದ ಬೆಳ್ಳಿಯ ಕರಡಿಗೆಯೂ ಹೋಯಿತು, ಅದರೊಳಗಿನ ಇಷ್ಟಲಿಂಗವೂ ಹೋಯಿತು. ಅವನಿಗೆ ಬೆಳ್ಳಿಯ ಆಸೆ. ನಾನು ಲಂಗ ತೊಡುವ ಕಾಲಕ್ಕೆ ಗುರುಗಳು ಅಂಗೈಯಲ್ಲಿಟ್ಟ ಲಿಂಗ ಅವನಿಗೆ ಯಾವ ಉಪಯೋಗಕ್ಕೆ? ಯಾವ ಮೋರಿಗೆ ಎಸೆದನೋ! ಲಿಂಗಪೂಜೆಯಿಲ್ಲದೆ ತುತ್ತು ಎತ್ತದವಳು ನಾನು. ಅಂದು ಬೆಳಿಗ್ಗೆ ನೀರನ್ನೂ ಮುಟ್ಟಲಿಲ್ಲ.

ಹಾಗೆಯೇ ಠಾಣೆಗೆ ಹೋದೆ. ಕುತ್ತಿಗೆಯ ಗಾಯದಿಂದ ಸೆರಗಿಗೆ ರಕ್ತ ಹತ್ತಿತ್ತು. ಅಲ್ಲಿದ್ದ ಪೊಲೀಸಿನವನು ಕುರ್ಚಿಯೇನೋ ಕೊಟ್ಟ. "ಆಂಟಿ, ಕಳ್ಳತನ ಅಂತ ಬರೆದ್ರೆ ಕೋರ್ಟು ಗೀರ್ಟು ಅಂತ ಅಲೀಬೇಕಾಗುತ್ತೆ. ಕಳೆದುಹೋಗಿದೆ ಅಂತ ಬರ್ಕೊಟ್ಬಿಡಿ, ಈಗ್ಲೇ ಸೀಲ್ ಹಾಕ್ಕೊಡ್ತೀನಿ" ಎಂದ. ಅವನಿಗೆ ಗೊತ್ತಿಲ್ಲ, ಬಿಡಿ. ಲಿಂಗ ಕಳೆದುಕೊಂಡೆ ಎಂದು ನಮ್ಮವಳೊಬ್ಬಳು ಕೈಯಾರೆ ಬರೆಯುವುದೆಂದರೆ ಏನೆಂದು ನಿಮಗೂ ಗೊತ್ತಿಲ್ಲವೇ? ಪ್ರಾಣದಂತೆ ಕಾಯಬೇಕಾದುದನ್ನು ಎಲ್ಲೋ ಬೀಳಿಸಿಕೊಂಡು ಬಂದೆ ಎಂದು ಒಪ್ಪಿಕೊಂಡಂತೆ. ಅದಕ್ಕೇ ನಿಮಗೆ ಫೋನ್ ಮಾಡಿದ್ದು. ನೀವೇನು ಹೇಳಿದಿರಿ? "ಅವ್ರು ಹೇಳ್ದಂಗೆ ಬರ್ಕೊಟ್ಟು ಬಾರೇ, ಭಾನುವಾರ ಸಭೆ ಇದೆ." ಗಾಯವಾಯಿತೇ ಎಂದೂ ಕೇಳಲಿಲ್ಲ.

ನೀವು ಅಧ್ಯಕ್ಷರಾಗಿರುವ ಬಡಾವಣೆಯ ಸಂಘ 'ಒಂದೂ ಕಳ್ಳತನವಿಲ್ಲದ ವರ್ಷ' ಎಂದು ಸರ್ಕಲ್ಲಿನಲ್ಲಿ ಬ್ಯಾನರ್ ಕಟ್ಟಿದ್ದು ಹೇಗೆಂದು ಈಗ ತಿಳಿಯಿತು. ಠಾಣೆಯ ಪುಸ್ತಕದಲ್ಲಿ ಹಿಂದಿನ ಬೀದಿಯ ನೀಲಮ್ಮನ ಮಾಂಗಲ್ಯದ ಸರ ಕಳೆದುಹೋಯಿತಂತೆ. ಎದುರುಮನೆ ಪ್ರಭಾಳ ಸ್ಕೂಟರೂ ಕಳೆದುಹೋಯಿತಂತೆ. ಸ್ಕೂಟರ್ ಏನು ಗುಂಡುಸೂಜಿಯೇ, ಚಾಪೆ ಎತ್ತಿ ಹುಡುಕಲು? ಆ ಬ್ಯಾನರಿನಲ್ಲಿ ನೀವು ಕೈಮುಗಿದು ನಗುತ್ತಿದ್ದೀರಿ. ನಿನ್ನೆ ಅದರ ಕೆಳಗೇ ಸೊಪ್ಪು ಕೊಂಡೆ, ತಲೆ ಎತ್ತಿ ನೋಡಲಿಲ್ಲ.

ನಾನು ಬರೆದುಕೊಡಲಿಲ್ಲ. ಸೋಮವಾರ ಸಂಜೆಯೇ ನನ್ನ ತಮ್ಮ ಕೊಟ್ರೇಶ್ ವಿಜಯನಗರದಿಂದ ಬಂದು ಮಠಕ್ಕೆ ಕರೆದೊಯ್ದ. ಸ್ವಾಮಿಗಳು "ಎಲ್ಲಿ ಕಳಕೊಂಡ್ಯವ್ವಾ?" ಎಂದು ಮೆಲ್ಲಗೆ ಕೇಳಿದರು. "ಕಳಕೊಂಡಿಲ್ಲ ಬುದ್ಧಿ, ಕಿತ್ಕೊಂಡ್ರು" ಎಂದು ಗಾಯ ತೋರಿಸಿದೆ. ಹೊಸ ಲಿಂಗ ಕಟ್ಟಿದರು. ಆಮೇಲೆಯೇ ಅನ್ನ ಉಂಡೆ.

ರಕ್ಷಾಳಿಗೂ ಅಳಿಯಂದಿರಿಗೂ ಆಶೀರ್ವಾದ, ಮಗುವಿನ ಕೆನ್ನೆಗೊಂದು ಮುತ್ತು. ನಿಮಗೇನು ಕಳಿಸಬೇಕೆಂದು ತೋಚುತ್ತಿಲ್ಲ.

ಕಮಲಾಕ್ಷಮ್ಮ

ಮರೆತೆ: ಇವತ್ತು ನೀಲಮ್ಮ, ಪ್ರಭಾ ಇಬ್ಬರನ್ನೂ ಕರೆದುಕೊಂಡು ಮತ್ತೆ ಠಾಣೆಗೆ ಹೋಗಿ, ಮೂವರದ್ದೂ ಕಳ್ಳತನವೆಂದೇ ಬರೆಸಿ ಬಂದೆ. ಭಾನುವಾರದ ಸಭೆಯಲ್ಲಿ ನಿಮಗೆ ಶಾಲು ಹೊದಿಸಲು ಸಂಘದವರು ನನ್ನನ್ನೇ ಕರೆದಿದ್ದಾರೆ. ವೇದಿಕೆಯ ಮೇಲೆ ನಮ್ಮ ಮೂವರ ಹೆಸರನ್ನು ನೀವೇ ಹೇಳಿದರೆ ಹೊದಿಸುತ್ತೇನೆ. ಇಲ್ಲವಾದರೆ ಶಾಲನ್ನು ಕುರ್ಚಿಯ ಮೇಲಿಟ್ಟು, ಮೈಕಿನ ಮುಂದೆ ನಿಂತು, ಎಲ್ಲರಿಗೂ ಕುತ್ತಿಗೆ ತೋರಿಸುತ್ತೇನೆ.